ಆರನೆಯ ಮಗನ ಪಾಲು: ಒಕ್ಕಲು ಮನೆಯ ಅಂಗಳಕ್ಕೆ ನಡೆದು ಬಂದ ಭೂದಾನ

ಚೆನ್ನೈ ಮಹಾನಗರದಲ್ಲಿ ಧರ್ಮಾರ್ಥವಾಗಿ ನಡೆಯುವುದು, ಓಡುವುದು ಈಗ ಸರ್ವೇಸಾಮಾನ್ಯವಾದ ಸಂಗತಿ. ಭಾನುವಾರ ಬೆಳಗಿನ ಜಾವ ಮರೀನಾ ಕಡಲತೀರಕ್ಕೋ ಬೆಸೆಂಟ್ ನಗರಕ್ಕೋ ಹೋದರೆ, ಒಂದೇ ಬಣ್ಣದ ಅಂಗಿ ತೊಟ್ಟ ನೂರಾರು ಮಂದಿ ಯಾವುದಾದರೊಂದು ಸತ್ಕಾರ್ಯದ ಹೆಸರಿನಲ್ಲಿ ಹೆಜ್ಜೆ ಹಾಕುತ್ತಿರುವುದನ್ನು ಕಾಣಬಹುದು. ಕ್ಯಾನ್ಸರ್ ಸಂಶೋಧನೆಗೆ ನೆರವಾಗಲೆಂದು ಮದರಾಸು ಐಐಟಿ ಆವರಣದಲ್ಲಿ ನಡೆದುಕೊಂಡು ಬಂದಿರುವ ಟೆರಿ ಫಾಕ್ಸ್ ಓಟದ ಪರಿಚಯ ನಮ್ಮಲ್ಲಿ ಅನೇಕ ಕುಟುಂಬಗಳಿಗೆ ಇದೆ. ಒಂದು ಕಾಲನ್ನು ಕ್ಯಾನ್ಸರ್‌ಗೆ ಕಳೆದುಕೊಂಡ ಕೆನಡಾದ ಆ ತರುಣ 1980ರಲ್ಲಿ 143 ದಿನಗಳ ಕಾಲ, 5,373 ಕಿಲೋಮೀಟರು ದೂರವನ್ನು ಕೃತಕ ಕಾಲಿನ ಆಸರೆಯಿಂದ ಕ್ರಮಿಸಿದ ಸಾಹಸವೇ ಇಂತಹ ಓಟಗಳಿಗೆ ಮೂಲ.

ಇವೆಲ್ಲವೂ ಮೆಚ್ಚತಕ್ಕ ಕಾರ್ಯಗಳೇ. ಆದರೆ ನಡೆದು ದಾನ ಬೇಡುವ ಪರಿಪಾಠ ನಮ್ಮ ನಾಡಿಗೆ ಹೊರಗಿನಿಂದ ಬಂದದ್ದೆಂದು ನಮ್ಮ ಮಕ್ಕಳು ಭಾವಿಸುವುದು ಸರಿಯಲ್ಲ. ಅದಕ್ಕೂ ಸುಮಾರು ಮೂವತ್ತು ವರ್ಷ ಮೊದಲೇ ಒಬ್ಬ ಕೃಶಕಾಯದ ವೃದ್ಧರು ಭಾರತದ ಹಳ್ಳಿಹಳ್ಳಿಗೂ ಕಾಲ್ನಡಿಗೆಯಲ್ಲಿ ಹೋಗಿ, ಹಣವನ್ನಲ್ಲ, ಭೂಮಿಯನ್ನೇ ಬೇಡಿದರು. ಅವರು ನಮ್ಮ ತಮಿಳುನಾಡಿನಲ್ಲಿ ನಡೆದರು. ಮಂಜೇಶ್ವರದ ಮೂಲಕ ಕನ್ನಡ ನಾಡನ್ನು ಹೊಕ್ಕರು. ಆಚಾರ್ಯ ವಿನೋಬಾ ಭಾವೆಯವರ ಆ ಪಾದಯಾತ್ರೆ ಒಕ್ಕಲು ಮನೆಗಳ ಮುಂದೆ ಯಾವ ಪ್ರಶ್ನೆಯನ್ನಿಟ್ಟಿತು, ಅದಕ್ಕೆ ದೊರೆತ ಉತ್ತರವೇನು, ಊರಿನಲ್ಲಿ ತುಂಡು ಜಮೀನನ್ನು ಬಿಟ್ಟು ಪಟ್ಟಣದಲ್ಲಿ ನೆಲೆಸಿರುವ ನಮ್ಮಂತಹವರಿಗೆ ಅದು ಈಗಲೂ ಏಕೆ ಸಂಬಂಧಿಸಿದೆ ಎಂಬುದನ್ನು ಈ ಲೇಖನದಲ್ಲಿ ವಿವರಿಸಲು ಯತ್ನಿಸಿದ್ದೇವೆ.

ಕಣದಲ್ಲಿ ಮೊದಲು ಅಳೆಯುತ್ತಿದ್ದ ಪಾಲು

ವಿನೋಬಾರ ಬೇಡಿಕೆಯನ್ನು ಅರಿಯಬೇಕಾದರೆ ಮೊದಲು ಒಕ್ಕಲು ಮನೆಯ ದಿನಚರಿಯನ್ನು ಸ್ವಲ್ಪ ನೆನಪಿಗೆ ತಂದುಕೊಳ್ಳಬೇಕು. ಕೋಳಿ ಕೂಗುವ ಹೊತ್ತಿಗೆ ಏಳುವುದು, ಕೊಟ್ಟಿಗೆ ಬಳಿದು ಸಗಣಿಯನ್ನು ತಿಪ್ಪೆಗೆ ಹಾಕುವುದು, ಹಾಲು ಕರೆಯುವುದು, ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುವುದು, ಸಂಜೆ ದನಗಳಿಗೆ ಮೇವು ಹಾಕಿದ ಮೇಲೆಯೇ ತಮ್ಮ ಊಟದ ಯೋಚನೆ ಮಾಡುವುದು: ಹಿರಿಯ ತಲೆಮಾರಿನ ಬಹುಮಂದಿ ಕಂಡುಂಡ ಬದುಕು ಇದು. ಈ ಬದುಕಿನಲ್ಲಿ ದಾನವೆಂಬುದು ವರ್ಷಕ್ಕೊಮ್ಮೆ ನೆನಪಾಗುವ ವಿಶೇಷ ಕಾರ್ಯವಾಗಿರಲಿಲ್ಲ. ಬೇಸಾಯದ ಲೆಕ್ಕದಲ್ಲಿಯೇ ಅದು ಸೇರಿಹೋಗಿತ್ತು.

ಸುಗ್ಗಿಯಲ್ಲಿ ಕಣ ಮಾಡಿ, ಮೇಟಿ ನೆಟ್ಟು, ಒಕ್ಕಣೆ ಮುಗಿಸಿ, ರಾಶಿ ಪೂಜೆ ಮಾಡಿದ ಮೇಲೆ ಕಾಳು ನೇರವಾಗಿ ಕಣಜಕ್ಕೆ ಹೋಗುತ್ತಿರಲಿಲ್ಲ. ನೇಗಿಲು ಮಾಡಿಕೊಟ್ಟ ಬಡಗಿ, ಕುಳ ತಟ್ಟಿಕೊಟ್ಟ ಕಮ್ಮಾರ, ಅಗಸ, ಕ್ಷೌರಿಕ, ಊರ ತಳವಾರ ಇವರೆಲ್ಲರಿಗೂ ಆಯ ಸಲ್ಲಬೇಕಿತ್ತು. ಶಂಖ ಜಾಗಟೆಗಳೊಡನೆ ಬರುವ ದಾಸಯ್ಯ, ಜೋಳಿಗೆ ಹಿಡಿದ ಜಂಗಮ, ಡಮರು ನುಡಿಸುವ ಗೊರವ ಇವರಿಗೂ ಮೊರದಲ್ಲಿ ಕಾಳು ಬೀಳುತ್ತಿತ್ತು. ಉತ್ತರ ಕರ್ನಾಟಕದಲ್ಲಿ ಎಳ್ಳಮಾವಾಸ್ಯೆಯ ದಿನ ಹೊಲದ ಸುತ್ತ ಚರಗ ಚೆಲ್ಲುವ ಪದ್ಧತಿ ಈಗಲೂ ಉಂಟು. ಬೆಳೆದದ್ದೆಲ್ಲವೂ ಬೆಳೆದವನೊಬ್ಬನದೇ ಅಲ್ಲವೆಂಬ ನಂಬಿಕೆ ಇವೆಲ್ಲಕ್ಕೂ ತಳಹದಿ.

ನಡೆದು ಬಂದು ಬೇಡುವುದಕ್ಕೂ ನಮ್ಮಲ್ಲಿ ಗೌರವದ ಸ್ಥಾನವಿತ್ತು. ತುಮಕೂರಿನ ಸಿದ್ಧಗಂಗಾ ಮಠದ ದಾಸೋಹ ಬೆಳೆದದ್ದು ರೈತರ ಮನೆಗಳಿಂದ ಬಂದ ರಾಗಿ ಅಕ್ಕಿಗಳಿಂದ. 1941ರಲ್ಲಿ ಮಠದ ಹೊಣೆ ಹೊತ್ತ ಶ್ರೀ ಶಿವಕುಮಾರ ಸ್ವಾಮಿಗಳು ಹಳ್ಳಿಗಳನ್ನು ಸುತ್ತಿ ಭಿಕ್ಷೆ ತಂದು ಬಡ ಮಕ್ಕಳಿಗೆ ಅನ್ನವಿಕ್ಕಿದರು. 2019ರಲ್ಲಿ ಅವರು ಲಿಂಗೈಕ್ಯರಾಗುವ ವೇಳೆಗೆ ಅಲ್ಲಿ ಸಾವಿರಾರು ವಿದ್ಯಾರ್ಥಿಗಳು ನಿತ್ಯ ಉಣ್ಣುತ್ತಿದ್ದರು. ಇಳಕಲ್ಲಿನ ಮಹಾಂತ ಸ್ವಾಮಿಗಳು 1975ರಲ್ಲಿ ಆರಂಭಿಸಿದ ‘ಮಹಾಂತ ಜೋಳಿಗೆ’ ಇನ್ನೂ ವಿಲಕ್ಷಣವಾದದ್ದು. ಅವರು ಮನೆಮನೆಗೆ ನಡೆದು ಬೇಡಿದ್ದು ಕಾಳನ್ನಲ್ಲ, ಜನರ ಕುಡಿತದ ಚಟವನ್ನು.

ಆದರೆ ಈ ಎಲ್ಲ ದಾನಗಳಿಗೂ ಒಂದು ಮಿತಿಯಿತ್ತು. ಕೊಡುತ್ತಿದ್ದುದು ಫಲವನ್ನು, ನೆಲವನ್ನಲ್ಲ. ಕಣದಲ್ಲಿ ಕೈಚಾಚಿ ನಿಂತ ಕೂಲಿಯಾಳು ಈ ವರ್ಷವೂ ಮುಂದಿನ ವರ್ಷವೂ ಹಾಗೆಯೇ ನಿಲ್ಲಬೇಕಾಗಿತ್ತು. ವಿನೋಬಾರ ನಡಿಗೆ ಮುಟ್ಟಿದ್ದು ಈ ಮಿತಿಯನ್ನು.

ಪೋಚಂಪಳ್ಳಿಯ ಸಂಜೆ

1951ರ ವಸಂತದಲ್ಲಿ ಹೈದರಾಬಾದಿನ ಸಮೀಪದ ಶಿವರಾಂಪಳ್ಳಿಯಲ್ಲಿ ಸರ್ವೋದಯ ಸಮ್ಮೇಳನ ಏರ್ಪಟ್ಟಿತ್ತು. ವಿನೋಬಾ ವಾರ್ಧಾ ಬಳಿಯ ತಮ್ಮ ಪವನಾರ ಆಶ್ರಮದಿಂದ ಅಲ್ಲಿಗೆ ನಡೆದೇ ಬಂದರು. ತೆಲಂಗಾಣದಲ್ಲಿ ಅದು ದಾರುಣವಾದ ಕಾಲ. ಜಮೀನ್ದಾರರಿಗೂ ಕಮ್ಯುನಿಸ್ಟರ ನೇತೃತ್ವದ ರೈತಕೂಲಿಗಳಿಗೂ ನಡೆದ ಹೋರಾಟದಲ್ಲಿ ಹಳ್ಳಿಗಳು ನಲುಗಿದ್ದವು. ಹಗಲು ಪೋಲೀಸರ ಭಯ, ಇರುಳು ಬಂದೂಕಿನ ಭಯ. ಸಮ್ಮೇಳನ ಮುಗಿದ ಮೇಲೆ ವಿನೋಬಾ ಆ ಹಳ್ಳಿಗಳತ್ತಲೇ ಹೆಜ್ಜೆ ಹಾಕಿದರು.

ಏಪ್ರಿಲ್ 18ರಂದು ನಲ್ಗೊಂಡ ಜಿಲ್ಲೆಯ ಪೋಚಂಪಳ್ಳಿಯಲ್ಲಿ ಅವರು ಹರಿಜನರ ಕೇರಿಗೆ ಹೋಗಿ ನಿಮಗೇನು ಬೇಕೆಂದು ವಿಚಾರಿಸಿದರು. ದುಡಿಯಲು ಭೂಮಿ ಬೇಕು, ಎಂಬತ್ತು ಎಕರೆಯಾದರೆ ಸಾಕು ಎಂದು ಅವರು ಹೇಳಿದರು. ಸರ್ಕಾರದಿಂದ ಅದನ್ನು ಪಡೆಯಲು ಎಷ್ಟು ಕಾಲ ಹಿಡಿಯುವುದೋ ಬಲ್ಲವರಾರು? ವಿನೋಬಾ ಅಲ್ಲಿ ನೆರೆದಿದ್ದ ಊರವರನ್ನೇ ಕೇಳಿದರು. ವೆದಿರೆ ರಾಮಚಂದ್ರ ರೆಡ್ಡಿಯವರು ಎದ್ದು ನಿಂತು ನೂರು ಎಕರೆ ಕೊಡುವುದಾಗಿ ಘೋಷಿಸಿದರು. ಭೂದಾನ ಯಜ್ಞ ಆರಂಭವಾದದ್ದು ಹೀಗೆ, ಯಾವ ಪೂರ್ವಯೋಜನೆಯೂ ಇಲ್ಲದೆ. ಮುಂದಿನ ಕೆಲವೇ ವಾರಗಳಲ್ಲಿ ತೆಲಂಗಾಣದಲ್ಲಿಯೇ ಹನ್ನೆರಡು ಸಾವಿರ ಎಕರೆಗೂ ಮಿಗಿಲಾದ ಭೂಮಿ ದಾನವಾಗಿ ಬಂದಿತು.

ಆ ಬಳಿಕ ಸುಮಾರು ಹದಿಮೂರು ವರ್ಷ ವಿನೋಬಾ ನಡೆಯುತ್ತಲೇ ಇದ್ದರು. ಬೆಳಗಿನ ಜಾವ ಮೂರು ಗಂಟೆಗೆ ಏಳುವುದು, ಪ್ರಾರ್ಥನೆ ಮುಗಿಸಿ ಲಾಂದ್ರದ ಬೆಳಕಿನಲ್ಲಿ ಹೊರಡುವುದು, ಹತ್ತು ಹನ್ನೆರಡು ಮೈಲಿ ನಡೆದು ಮುಂದಿನ ಹಳ್ಳಿ ಸೇರುವುದು. ಅಲ್ಲಿ ಶಾಲೆಯ ಕೊಠಡಿಯಲ್ಲೋ ಯಾರದಾದರೂ ಮನೆಯ ಜಗಲಿಯಲ್ಲೋ ಬಿಡಾರ. ಹೊಟ್ಟೆಯ ಹುಣ್ಣಿನಿಂದ ಬಳಲುತ್ತಿದ್ದ ಅವರಿಗೆ ಹಾಲು ಮೊಸರುಗಳೇ ಆಹಾರ. ಸಂಜೆ ಪ್ರಾರ್ಥನಾ ಸಭೆ, ಉಪನ್ಯಾಸ, ದಾನಪತ್ರಗಳ ಸ್ವೀಕಾರ. ಮರುದಿನ ಮತ್ತೆ ದಾರಿ.

ಕಾಲ್ನಡಿಗೆಯನ್ನೇ ಆರಿಸಿಕೊಂಡುದಕ್ಕೆ ಕಾರಣವಿದೆ. ಮೋಟಾರಿನಲ್ಲಿ ಬರುವವರು ರಸ್ತೆಯಿರುವ ಊರಿಗೆ ಬರುತ್ತಾರೆ, ದೊಡ್ಡವರ ಮನೆಯಲ್ಲಿ ಇಳಿಯುತ್ತಾರೆ, ಕತ್ತಲಾಗುವ ಮುನ್ನ ಹೊರಟುಬಿಡುತ್ತಾರೆ. ನಡೆದು ಬರುವವರು ಬದುವಿನ ಮೇಲೆ, ಕೇರಿಯ ನಡುವೆ ಹಾದು ಬರುತ್ತಾರೆ, ರಾತ್ರಿ ಅಲ್ಲಿಯೇ ಉಳಿಯುತ್ತಾರೆ. ಬೇಡುವವರು ತಮ್ಮ ಮೈಯನ್ನು ದಂಡಿಸಿಕೊಂಡು ಬಾಗಿಲಿಗೆ ಬಂದಾಗ ಕೊಡುವವರ ಮನಸ್ಸು ಮೆದುವಾಗುವುದೂ ಸಹಜ.

ಹದಿಮೂರು ಗುಂಟೆಯ ಪ್ರಶ್ನೆ

ವಿನೋಬಾ ಭಿಕ್ಷೆಯೆಂದು ಬೇಡಲಿಲ್ಲ, ಪಾಲೆಂದು ಕೇಳಿದರು. ನಿಮಗೆ ಐವರು ಮಕ್ಕಳಿದ್ದರೆ ನನ್ನನ್ನು ಆರನೆಯವನೆಂದು ತಿಳಿದು ನನ್ನ ಪಾಲನ್ನು ಕೊಡಿ, ಅದನ್ನು ಭೂಮಿಯಿಲ್ಲದವರಿಗೆ ಹಂಚುತ್ತೇನೆ ಎಂಬುದು ಅವರ ವಾದದ ಸಾರ. ದೇಶದ ಭೂಮಿಯ ಆರನೆಯ ಒಂದು ಭಾಗವಾಗಿ ಐದು ಕೋಟಿ ಎಕರೆ ಸಂಗ್ರಹಿಸುವುದು ಅವರ ಗುರಿಯಾಗಿತ್ತು.

ಈ ಮಾತು ಒಕ್ಕಲು ಮನೆಯ ಒಳಗೆ ಹೇಗೆ ಕೇಳಿಸಿರಬೇಕೆಂದು ಲೆಕ್ಕ ಹಾಕಿ ನೋಡೋಣ. ಹತ್ತು ಎಕರೆ ಜಮೀನು, ಐವರು ಗಂಡುಮಕ್ಕಳು. ಪಾಲಾದರೆ ತಲಾ ಎರಡು ಎಕರೆ, ಎಂದರೆ ಎಂಬತ್ತು ಗುಂಟೆ. ಆರನೆಯ ಮಗನೊಬ್ಬ ಸೇರಿದರೆ ಒಬ್ಬೊಬ್ಬರಿಗೂ ಅರವತ್ತಾರು ಗುಂಟೆಯ ಮೇಲೆ ಸ್ವಲ್ಪ. ಪ್ರತಿಯೊಬ್ಬನೂ ಕಳೆದುಕೊಳ್ಳುವುದು ಸುಮಾರು ಹದಿಮೂರು ಗುಂಟೆ. ಮಳೆ ಕೈಕೊಟ್ಟ ವರ್ಷ ಆ ಹದಿಮೂರು ಗುಂಟೆಯ ರಾಗಿಯೇ ಒಂದೆರಡು ತಿಂಗಳ ಹಿಟ್ಟಾಗಬಹುದು. ಹೀಗಿರುವಾಗ ತಂದೆಯಾದವನು ಸಭೆಯಲ್ಲಿ ಎದ್ದು ನಿಂತು ಮಾತು ಕೊಟ್ಟುಬರುವುದು ಸುಲಭ. ಮನೆಗೆ ಬಂದು ಮಕ್ಕಳ ಮುಖ ನೋಡುವುದು ಕಷ್ಟ.

ಕಾನೂನಿನ ತೊಡಕೂ ಇತ್ತು. ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಭೂಮಿಯನ್ನು ಯಜಮಾನನು ತನ್ನಿಚ್ಛೆಯಂತೆ ದಾನ ಮಾಡಲು ಹಿಂದೂ ಕಾನೂನಿನಲ್ಲಿ ಅವಕಾಶವಿಲ್ಲ. ಧರ್ಮಕಾರ್ಯಕ್ಕಾಗಿ ಅಲ್ಪ ಪ್ರಮಾಣವನ್ನು ಕೊಡಬಹುದು, ಅಷ್ಟೆ. ಇನ್ನು ಹೆಣ್ಣುಮಕ್ಕಳ ಮಾತಂತೂ ಲೆಕ್ಕಕ್ಕೇ ಇರಲಿಲ್ಲ. ಕಳೆ ಕೀಳುವುದು, ನಾಟಿ ಹಾಕುವುದು, ಬಿತ್ತನೆಯ ಬೀಜವನ್ನು ಬೂದಿಯಲ್ಲಿ ಬೆರೆಸಿ ಕಾಪಾಡಿಡುವುದು ಅವರ ಕೆಲಸ. ದಾನಪತ್ರಕ್ಕೆ ರುಜು ಹಾಕುತ್ತಿದ್ದವರು ಗಂಡಸರು. ಹಿಂದೂ ಉತ್ತರಾಧಿಕಾರ ಕಾಯಿದೆ ಜಾರಿಗೆ ಬಂದದ್ದು 1956ರಲ್ಲಿ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಸಮಪಾಲು ದೊರೆಯಲು ತಮಿಳುನಾಡಿನಲ್ಲಿ 1989ರವರೆಗೆ, ಕರ್ನಾಟಕದಲ್ಲಿ 1994ರವರೆಗೆ, ಇಡೀ ದೇಶದಲ್ಲಿ 2005ರವರೆಗೆ ಕಾಯಬೇಕಾಯಿತು. ಆರನೆಯ ಮಗನನ್ನು ಮನೆ ತುಂಬಿಸಿಕೊಂಡ ಎಷ್ಟೋ ಕುಟುಂಬಗಳು ತಮ್ಮ ಮಗಳನ್ನೇ ಪಾಲಿನ ಲೆಕ್ಕಕ್ಕೆ ಹಿಡಿದಿರಲಿಲ್ಲವೆಂಬುದು ಯೋಚಿಸತಕ್ಕ ಮಾತು.

ತಮಿಳುನಾಡಿನಲ್ಲಿ ಮತ್ತು ಕನ್ನಡ ನಾಡಿನಲ್ಲಿ

ವಿನೋಬಾರಿಗೆ ನಮ್ಮ ಭಾಷೆಯ ಪರಿಚಯವಾದದ್ದು ತಮಿಳು ನೆಲದಲ್ಲಿ ಎಂಬುದು ಚೆನ್ನೈ ಕನ್ನಡಿಗರಾದ ನಮಗೆ ಸಂತಸದ ವಿಷಯ. 1942ರ ಚಳವಳಿಯಲ್ಲಿ ಬಂಧಿತರಾಗಿ ವೆಲ್ಲೂರು ಸೆರೆಮನೆಗೆ ಬಂದ ಅವರು ಅಲ್ಲಿ ಕನ್ನಡ, ತಮಿಳು, ತೆಲುಗು, ಮಲೆಯಾಳ ನಾಲ್ಕನ್ನೂ ಒಟ್ಟಿಗೆ ಅಭ್ಯಾಸ ಮಾಡಿದರು.

ಅವರ ಪಾದಯಾತ್ರೆ ಅಂದಿನ ಮದರಾಸು ರಾಜ್ಯವನ್ನು ಪ್ರವೇಶಿಸಿದ್ದು 1956ರ ಮೇ ತಿಂಗಳಲ್ಲಿ. ಅದೇ ತಿಂಗಳು ಕಾಂಚೀಪುರದಲ್ಲಿ ಸರ್ವೋದಯ ಸಮ್ಮೇಳನ ನಡೆಯಿತು. ಆಗ ದಕ್ಷಿಣ ಕನ್ನಡ ಜಿಲ್ಲೆಯೂ ಕೊಳ್ಳೇಗಾಲವೂ ಮದರಾಸು ರಾಜ್ಯಕ್ಕೇ ಸೇರಿದ್ದವು. ನವೆಂಬರ್ 1ರಂದು ಅವು ಮೈಸೂರು ರಾಜ್ಯಕ್ಕೆ ಸೇರಿದವು, ಕಾಸರಗೋಡು ಕೇರಳದ ಪಾಲಾಯಿತು. ರಾಜ್ಯಗಳ ಗಡಿಗಳು ಹೀಗೆ ಬದಲಾಗುತ್ತಿದ್ದಾಗ ವಿನೋಬಾ ತಮಿಳುನಾಡಿನ ಹಳ್ಳಿಗಳಲ್ಲಿ ಹೊಲದ ಗಡಿಗಳ ಮಾತನ್ನಾಡುತ್ತ ನಡೆಯುತ್ತಿದ್ದರು.

ಆ ನವೆಂಬರಿನಲ್ಲಿಯೇ ಪಳನಿಯಲ್ಲಿ ಅವರು ಒಂದು ದಿಟ್ಟ ನಿರ್ಧಾರ ಕೈಗೊಂಡರು. ದೇಶದಾದ್ಯಂತ ಇದ್ದ ಭೂದಾನ ಸಮಿತಿಗಳನ್ನು ವಿಸರ್ಜಿಸಿದರು; ಗಾಂಧೀ ನಿಧಿಯಿಂದ ಬರುತ್ತಿದ್ದ ಹಣವನ್ನೂ ನಿಲ್ಲಿಸಿದರು. ಸಂಬಳದ ಕಾರ್ಯಕರ್ತರಿಂದ ನಡೆಯುವ ಚಳವಳಿ ಜನರ ಚಳವಳಿಯಾಗಲಾರದೆಂಬುದು ಅವರ ನಿಲುವು. ಇದರಿಂದ ಚಳವಳಿಯ ತೇಜಸ್ಸು ಹೆಚ್ಚಿತೆಂದು ಕೆಲವರೂ, ಕೈಗೆ ಬಂದ ಭೂಮಿಯನ್ನು ಅಳೆದು ಹಂಚಲು ಆಳುಗಳಿಲ್ಲದಂತಾಯಿತೆಂದು ಕೆಲವರೂ ಅಭಿಪ್ರಾಯಪಟ್ಟರು. ಮುಂದೆ ಆದದ್ದನ್ನು ನೋಡಿದರೆ ಎರಡನೆಯ ಮಾತಿನಲ್ಲಿಯೂ ಹುರುಳಿದೆ ಎನ್ನಬೇಕಾಗುತ್ತದೆ.

1957ರ ಏಪ್ರಿಲಿನಲ್ಲಿ ಅವರು ಕೇರಳವನ್ನು ಹೊಕ್ಕರು. ದಕ್ಷಿಣದಿಂದ ಉತ್ತರಕ್ಕೆ ನಡೆದು, ಆಗಸ್ಟ್ 23ರಂದು ಗೋವಿಂದ ಪೈಗಳ ಊರಾದ ಮಂಜೇಶ್ವರದಲ್ಲಿ ಶಾಂತಿಸೇನೆಯನ್ನು ಸ್ಥಾಪಿಸಿದರು. ಅಲ್ಲಿಂದ ಕರ್ನಾಟಕ. ಸೆಪ್ಟೆಂಬರ್ 21, 22ರಂದು ಮೈಸೂರು ಹುಣಸೂರು ದಾರಿಯಲ್ಲಿರುವ ಯಲವಾಲದಲ್ಲಿ ನಡೆದ ಗ್ರಾಮದಾನ ಸಮ್ಮೇಳನ ಇಡೀ ದೇಶದ ಗಮನ ಸೆಳೆಯಿತು. ಎಸ್. ನಿಜಲಿಂಗಪ್ಪನವರು ಆಗ ಮೈಸೂರು ರಾಜ್ಯದ ಮುಖ್ಯಮಂತ್ರಿಗಳು. ರಾಷ್ಟ್ರಪತಿ ರಾಜೇಂದ್ರ ಪ್ರಸಾದ್, ಪ್ರಧಾನಿ ನೆಹರೂ, ಗೋವಿಂದ ವಲ್ಲಭ ಪಂತ್, ಜಯಪ್ರಕಾಶ ನಾರಾಯಣ್ ಅವರೊಡನೆ ಕೇರಳದ ಕಮ್ಯುನಿಸ್ಟ್ ಮುಖ್ಯಮಂತ್ರಿ ಇ.ಎಂ.ಎಸ್. ನಂಬೂದಿರಿಪಾಡ್ ಅವರೂ ಒಂದೇ ಚಾವಣಿಯ ಕೆಳಗೆ ಕುಳಿತು ಗ್ರಾಮದಾನವನ್ನು ಬೆಂಬಲಿಸಿದರು. ಭೂಮಿಯ ಪ್ರಶ್ನೆಯಲ್ಲಿ ಇಷ್ಟು ಭಿನ್ನ ಮತದವರು ಹೀಗೆ ಒಂದುಗೂಡಿದ್ದು ಅಪರೂಪ. ‘ಜೈ ಹಿಂದ್’ ಜೊತೆಗೆ ‘ಜೈ ಜಗತ್’ ಎಂಬ ಘೋಷಣೆಯನ್ನು ವಿನೋಬಾ ನೀಡಿದ್ದೂ ಕರ್ನಾಟಕದ ಈ ಯಾತ್ರೆಯಲ್ಲಿಯೇ.

ಗ್ರಾಮದಾನವೆಂದರೆ ಏನೆಂಬುದನ್ನೂ ಇಲ್ಲಿ ತಿಳಿಸುವುದು ಉಚಿತ. ಭೂದಾನದಲ್ಲಿ ಒಬ್ಬ ರೈತ ತನ್ನ ಭೂಮಿಯ ಒಂದು ಭಾಗವನ್ನು ಕೊಡುತ್ತಾನೆ. ಗ್ರಾಮದಾನದಲ್ಲಿ ಊರಿನ ಬಹುಪಾಲು ರೈತರು ತಮ್ಮ ಭೂಮಿಯ ಒಡೆತನವನ್ನು ಗ್ರಾಮಸಭೆಗೆ ಒಪ್ಪಿಸುತ್ತಾರೆ. 1965ರ ವೇಳೆಗೆ ಇದನ್ನು ಸಡಿಲಿಸಿ ಸುಲಭ ಗ್ರಾಮದಾನವೆಂಬ ಕ್ರಮ ಬಂದಿತು. ಅದರಂತೆ ರೈತನು ಇಪ್ಪತ್ತರಲ್ಲಿ ಒಂದು ಭಾಗ ಭೂಮಿಯನ್ನು ಭೂಹೀನರಿಗೆ ಬಿಟ್ಟುಕೊಟ್ಟು ಉಳಿದುದನ್ನು ತಾನೇ ಉಳುತ್ತಾನೆ; ಬೆಳೆಯ ನಲವತ್ತರಲ್ಲಿ ಒಂದು ಭಾಗವನ್ನು ಊರಿನ ನಿಧಿಗೆ ಸಲ್ಲಿಸುತ್ತಾನೆ. ನಮ್ಮ ಹಿರಿಯರ ಆಯ ಪದ್ಧತಿಯನ್ನು ಬಲ್ಲವರಿಗೆ ಇದು ತೀರ ಅಪರಿಚಿತವೆನಿಸದು.

ಭೂಮಿಯಿಲ್ಲದ ಮನೆಗಳಿಗೂ ವಿನೋಬಾ ದಾನದ ದಾರಿ ತೋರಿದರು. ಸರ್ವೋದಯ ಪಾತ್ರೆಯೆಂದು ಒಂದು ಮಡಕೆಯಿಟ್ಟು, ದಿನವೂ ಮನೆಯ ಎಳೆಯ ಮಗುವಿನ ಕೈಯಿಂದ ಒಂದು ಹಿಡಿ ಕಾಳನ್ನು ಅದಕ್ಕೆ ಹಾಕಿಸಬೇಕೆಂದರು. ಹಿಡಿ ಚಿಕ್ಕದಾದ್ದರಿಂದ ಮನೆಗೆ ಹೊರೆಯಾಗದು. ಕೊಡುವ ಅಭ್ಯಾಸವಂತೂ ಮಗುವಿನ ಕೈಗೆ ಹತ್ತುತ್ತದೆ.

ಬಂದದ್ದೆಷ್ಟು, ಉಳಿದದ್ದೆಷ್ಟು?

ಐದು ಕೋಟಿ ಎಕರೆಯ ಗುರಿ ಕೈಗೂಡಲಿಲ್ಲ. ಒಟ್ಟು ದಾನವಾಗಿ ಬಂದದ್ದು ನಲವತ್ತು ಲಕ್ಷ ಎಕರೆಗೂ ಮಿಗಿಲು. ಅದರಲ್ಲಿ ಭೂಹೀನರಿಗೆ ಹಂಚಿಕೆಯಾದದ್ದು ಸುಮಾರು ಅರ್ಧ ಮಾತ್ರ. ಸರ್ಕಾರದ ಬಂದೂಕಿಲ್ಲದೆ, ಪರಿಹಾರದ ಹಣವಿಲ್ಲದೆ, ಕೇವಲ ಮಾತಿನಿಂದ ಇಷ್ಟು ಭೂಮಿ ಕೈ ಬದಲಾಯಿಸಿದ್ದು ಲೋಕದಲ್ಲಿ ಅಪೂರ್ವ. ಆದರೆ ಉಳಿದರ್ಧಕ್ಕೆ ಏನಾಯಿತೆಂಬುದನ್ನೂ ನಾವು ನೋಡಬೇಕು.

ಕೆಲವು ದಾನಗಳು ಕಲ್ಲು ಮೊರಡಿಯ ನೆಲ. ಅಲ್ಲಿ ಹುಲ್ಲೂ ಬೆಳೆಯದು. ಕೆಲವು ಆಗಲೇ ನ್ಯಾಯಾಲಯದಲ್ಲಿ ವ್ಯಾಜ್ಯದಲ್ಲಿದ್ದವು. ಕೆಲವಕ್ಕೆ ಸರ್ವೆ ನಂಬರು ಸರಿಯಿರಲಿಲ್ಲ. ಹದ್ದುಬಸ್ತು ಮಾಡಿ ಗಡಿಕಲ್ಲು ನೆಡುವವರಿರಲಿಲ್ಲ. ತಂದೆ ಕೊಟ್ಟದ್ದನ್ನು ಮಕ್ಕಳು ಒಪ್ಪಲಿಲ್ಲ. ಭೂಮಿ ಸಿಕ್ಕಿದವರಲ್ಲೂ ಹಲವರಿಗೆ ಎತ್ತಿಲ್ಲ, ಬೀಜವಿಲ್ಲ, ನೀರಿಲ್ಲ. ಪಡೆದ ನೆಲ ಮತ್ತೆ ಬೀಳುಬಿತ್ತು. ಮದರಾಸು ರಾಜ್ಯದಲ್ಲಿ 1958ರಲ್ಲಿ, ಮೈಸೂರು ರಾಜ್ಯದಲ್ಲಿ 1963ರಲ್ಲಿ ಭೂದಾನ ಯಜ್ಞ ಕಾಯಿದೆಗಳು ಬಂದು ಈ ಭೂಮಿಗೆ ಮಂಡಳಿಗಳ ರಕ್ಷಣೆ ದೊರೆಯಿತು. ಕಾಯಿದೆ ಬರುವ ಮುನ್ನವೇ ಎಷ್ಟೋ ದಾನಪತ್ರಗಳ ಮೇಲೆ ಧೂಳು ಕುಳಿತಾಗಿತ್ತು.

ದಾನವು ಮಾತಿನಲ್ಲಿ ಹುಟ್ಟಿದರೂ ಪಹಣಿಯಲ್ಲಿ ದಾಖಲಾದಾಗಲೇ ಪೂರ್ಣವಾಗುತ್ತದೆಂಬ ಈ ಪಾಠವನ್ನು ಚೆನ್ನಾಗಿ ಅರಿತು ನಡೆದವರು ತಮಿಳುನಾಡಿನ ಶಂಕರಲಿಂಗಂ ಜಗನ್ನಾಥನ್ ಮತ್ತು ಕೃಷ್ಣಮ್ಮಾಳ್ ದಂಪತಿಗಳು. ಭೂದಾನದಲ್ಲಿ ವಿನೋಬಾರ ಜೊತೆ ಹೆಜ್ಜೆ ಹಾಕಿದವರು ಇವರು. 1968ರ ಡಿಸೆಂಬರ್ 25ರ ರಾತ್ರಿ ಅಂದಿನ ತಂಜಾವೂರು ಜಿಲ್ಲೆಯ ಕೀಳ್‌ವೆಣ್ಮಣಿಯಲ್ಲಿ, ಕೂಲಿಯ ವಿವಾದದ ಹಿನ್ನೆಲೆಯಲ್ಲಿ, ಹೆಂಗಸರು ಮಕ್ಕಳೇ ಹೆಚ್ಚಾಗಿದ್ದ 44 ಮಂದಿ ದಲಿತರನ್ನು ಗುಡಿಸಲಲ್ಲಿ ಸುಟ್ಟು ಕೊಲ್ಲಲಾಯಿತು. ಈ ಘೋರ ಕೃತ್ಯದ ಬಳಿಕ ದಂಪತಿಗಳು ಆ ಸೀಮೆಗೇ ಹೋಗಿ ನೆಲೆಸಿ, ಕೂಲಿಕಾರರ ನಡುವೆ ಕೆಲಸ ಆರಂಭಿಸಿದರು.

1981ರಲ್ಲಿ ಅವರು ಸ್ಥಾಪಿಸಿದ ‘ಲಾಫ್ಟಿ’ ಸಂಸ್ಥೆಯ ಕ್ರಮ ಭೂದಾನಕ್ಕಿಂತ ಭಿನ್ನವಾದದ್ದು. ಭೂಮಿಯನ್ನು ಮಾರಲು ಸಿದ್ಧರಿರುವ ಮಾಲೀಕರನ್ನೂ ಕೂಲಿಕಾರರನ್ನೂ ಎದುರುಬದುರು ಕೂರಿಸಿ ನ್ಯಾಯವಾದ ಬೆಲೆ ಗೊತ್ತು ಮಾಡುವುದು, ಬ್ಯಾಂಕಿನ ಸಾಲ ಕೊಡಿಸುವುದು, ಕುಟುಂಬಕ್ಕೆ ಸುಮಾರು ಒಂದು ಎಕರೆಯಂತೆ ನೋಂದಾಯಿಸುವುದು, ಬೆಳೆಯಿಂದ ಸಾಲ ತೀರಿಸಲು ನೆರವಾಗುವುದು. ಎಲ್ಲಕ್ಕಿಂತ ಮುಖ್ಯವಾಗಿ ಭೂಮಿಯನ್ನು ಮನೆಯ ಹೆಣ್ಣುಮಗಳ ಹೆಸರಿಗೆ ಬರೆಸುವುದು. ಕುಡಿತಕ್ಕೋ ಕೈಸಾಲಕ್ಕೋ ಭೂಮಿ ಹಾರಿಹೋಗದಂತೆ ಇದು ಕಾವಲು. ಸಾವಿರಾರು ಕುಟುಂಬಗಳು ಹೀಗೆ ನೆಲದ ಒಡೆತನ ಪಡೆದವು. ಜಗನ್ನಾಥನ್ 2013ರಲ್ಲಿ ತೀರಿಕೊಂಡರು. ಕೃಷ್ಣಮ್ಮಾಳ್ ಅವರಿಗೆ 2020ರಲ್ಲಿ ಪದ್ಮಭೂಷಣ ಸಂದಿತು.

ಊರಿನ ಜಮೀನು ಮತ್ತು ನಾವು

ಇಷ್ಟೆಲ್ಲ ಹಳೆಯ ಕಥೆಯನ್ನು ಇಲ್ಲಿ ಹೇಳುವ ಉದ್ದೇಶವಿದೆ. ಚೆನ್ನೈಯಲ್ಲಿ ಎರಡು ಮೂರು ತಲೆಮಾರಿನಿಂದ ನೆಲೆಸಿರುವ ನಮ್ಮಲ್ಲಿ ಹಲವರಿಗೆ ಊರಿನಲ್ಲಿ ಇನ್ನೂ ಒಂದೆರಡು ಎಕರೆ ಉಂಟು. ಉಡುಪಿಯ ಕಡೆಯೋ ಮಂಡ್ಯದ ಕಡೆಯೋ ತಾಳವಾಡಿಯಲ್ಲೋ ಹೊಸೂರಿನ ಸುತ್ತಲೋ ಅದು ಇರಬಹುದು. 1974ರಲ್ಲಿ ದೇವರಾಜ ಅರಸರ ಕಾಲದ ಭೂಸುಧಾರಣೆಯಿಂದ ಗೇಣಿಭೂಮಿ ಉಳುವವರಿಗೆ ಹೋಯಿತು. ಅದರ ನೋವನ್ನು ಹೇಳಿಕೊಳ್ಳುವ ಹಿರಿಯರು ನಮ್ಮ ನಡುವೆ ಇರುವಂತೆಯೇ, ಅದರಿಂದ ಮೊದಲ ಬಾರಿಗೆ ಸ್ವಂತ ನೆಲ ಕಂಡ ಮನೆಗಳಿಂದ ಓದಿ ಮೇಲೆ ಬಂದವರೂ ಇದ್ದಾರೆ. ಅಂದಿನಿಂದ ಕರ್ನಾಟಕದಲ್ಲಿ ಗೇಣಿಗೆ ಕೊಡುವುದಕ್ಕೆ ಕಾನೂನಿನ ನಿರ್ಬಂಧವಿರುವುದರಿಂದ, ಉಳಿದ ಭೂಮಿಯನ್ನು ಬೇರೆಯವರಿಗೆ ಉಳಲು ಬಿಡಲು ಅಂಜಿ ಬೀಳು ಬಿಟ್ಟವರು ಅನೇಕರು. ಬಾಯಿಮಾತಿನ ಮೇಲೆ ಉಳುತ್ತಿರುವವರಿಗೆ ಪಹಣಿಯಲ್ಲಿ ಹೆಸರಿಲ್ಲ. ಹೆಸರಿಲ್ಲದವರಿಗೆ ಬ್ಯಾಂಕಿನ ಬೆಳೆಸಾಲ ಪಡೆಯುವುದೂ ಬೆಳೆನಷ್ಟದ ಪರಿಹಾರ ಪಡೆಯುವುದೂ ಕಷ್ಟ.

ಈ ಭೂಮಿಯನ್ನೆಲ್ಲ ದಾನ ಮಾಡಿಬಿಡಿ ಎಂದು ನಾವು ಹೇಳುತ್ತಿಲ್ಲ. ಅದು ಆಯಾ ಮನೆಯವರು ತೀರ್ಮಾನಿಸಬೇಕಾದ ವಿಷಯ. ಆದರೆ ಶಾಲೆಗೊಂದು ಆಟದ ಬಯಲು, ಊರಿಗೊಂದು ಬಾವಿ, ಹಿಂದೆ ನಮ್ಮ ಮನೆಯಲ್ಲಿ ದುಡಿದವರ ಮಕ್ಕಳಿಗೊಂದು ನಿವೇಶನ, ಹೀಗೆ ಯಾವುದಾದರೊಂದನ್ನು ಕೊಡುವ ಮನಸ್ಸುಳ್ಳವರು ಭೂದಾನದ ಅನುಭವದಿಂದ ಕೆಲವು ಸಂಗತಿಗಳನ್ನು ಕಲಿಯಬಹುದು.

ಮೊದಲನೆಯದಾಗಿ, ಮನೆಯ ಎಲ್ಲ ಪಾಲುದಾರರ ಒಪ್ಪಿಗೆ ಬೇಕು. ಪಾಲುದಾರರೆಂದರೆ ಅಣ್ಣತಮ್ಮಂದಿರು ಮಾತ್ರವಲ್ಲ, ಮದುವೆಯಾಗಿ ಹೋದ ಅಕ್ಕತಂಗಿಯರೂ ಸೇರುತ್ತಾರೆ. ಎಲ್ಲರೂ ಕುಳಿತು ಮಾತಾಡಿ, ಬರಹದಲ್ಲಿ ಒಪ್ಪಿದರೆ ಮುಂದೆ ಮೊಮ್ಮಕ್ಕಳ ಕಾಲಕ್ಕೆ ವ್ಯಾಜ್ಯವಿರದು. ಎರಡನೆಯದಾಗಿ, ಅಳತೆ ಮತ್ತು ದಾಖಲೆ. ಕರ್ನಾಟಕದಲ್ಲಾದರೆ ಪೋಡಿ, ಖಾತೆ, ಪಹಣಿ. ತಮಿಳುನಾಡಿನಲ್ಲಾದರೆ ಪಟ್ಟಾ, ಚಿಟ್ಟಾ. ಇವು ಪಡೆಯುವವರ ಹೆಸರಿಗೆ ಆಗುವವರೆಗೆ ಕೆಲಸ ಮುಗಿಯಿತೆಂದು ತಿಳಿಯಬಾರದು. ಆಯಾ ರಾಜ್ಯದ ಕಾಯಿದೆಗಳನ್ನು ಬಲ್ಲ ವಕೀಲರ ಸಲಹೆಯನ್ನು ಮೊದಲೇ ಪಡೆಯುವುದು ಲೇಸು. ಮೂರನೆಯದಾಗಿ, ನಮಗೆ ಬೇಡವಾದ ಕೊರಕಲನ್ನು ಕೊಟ್ಟು ಕೈತೊಳೆದುಕೊಳ್ಳಬಾರದು. ಕೊಡುವ ನೆಲ ಬಳಕೆಗೆ ಬರುವಂತಿರಬೇಕು. ಬೇಸಾಯಕ್ಕೆಂದು ಕೊಟ್ಟರೆ ಮೊದಲ ಬೆಳೆಯ ಬೀಜ ಗೊಬ್ಬರಗಳನ್ನೂ ಜೊತೆಗೆ ಕೊಡುವುದು ಮೇಲು. ನಾಲ್ಕನೆಯದಾಗಿ, ಪಡೆಯುವ ಮನೆಯ ಹೆಣ್ಣುಮಗಳ ಹೆಸರನ್ನು ಪತ್ರದಲ್ಲಿ ಸೇರಿಸುವುದು.

ಭೂಮಿ ಇಲ್ಲದವರೂ ಈ ಪರಂಪರೆಯಿಂದ ಹೊರಗಿನವರಲ್ಲ. ವಿನೋಬಾರ ಅನುಯಾಯಿಯಾಗಿದ್ದ ಸತೀಶ್ ಕುಮಾರ್ ಅವರು ಬೆಂಗಳೂರಿನ ಕಾಫಿ ಅಂಗಡಿಯೊಂದರಲ್ಲಿ ಕುಳಿತಿದ್ದಾಗ, ಅಣ್ವಸ್ತ್ರಗಳನ್ನು ವಿರೋಧಿಸಿ ವೃದ್ಧ ತತ್ತ್ವಜ್ಞಾನಿ ಬರ್ಟ್ರಂಡ್ ರಸೆಲ್ ಸೆರೆಮನೆ ಸೇರಿದ ಸುದ್ದಿ ಓದಿದರು. 1962ರಲ್ಲಿ ಅವರೂ ಗೆಳೆಯ ಇ.ಪಿ. ಮೆನನ್ ಅವರೂ ದೆಹಲಿಯ ರಾಜಘಾಟ್‌ನಿಂದ ಹೊರಟು, ಮಾಸ್ಕೋ, ಪ್ಯಾರಿಸ್, ಲಂಡನ್‌ಗಳ ಮೂಲಕ ವಾಷಿಂಗ್ಟನ್‌ವರೆಗೆ ಶಾಂತಿಯಾತ್ರೆ ಮಾಡಿದರು. ನೆಲವಿದ್ದಲ್ಲಿ ನಡೆದರು, ಕಡಲನ್ನು ಹಡಗಿನಲ್ಲಿ ದಾಟಿದರು. ಕೈಯಲ್ಲಿ ಹಣವಿಟ್ಟುಕೊಳ್ಳಬೇಡಿ ಎಂಬುದು ಹೊರಡುವ ಮುನ್ನ ವಿನೋಬಾ ನೀಡಿದ ಸಲಹೆ. ಹಣವಿದ್ದರೆ ಛತ್ರ ಹೋಟೆಲುಗಳಲ್ಲಿ ಇಳಿಯುತ್ತೀರಿ, ಹಣವಿಲ್ಲದಿದ್ದರೆ ಜನರ ಮನೆಯ ಕದ ತಟ್ಟುತ್ತೀರಿ ಎಂಬುದು ಅದರ ತಾತ್ಪರ್ಯ.

ನಗರದ ದಾನಾರ್ಥ ನಡಿಗೆಗಳಲ್ಲಿ ನಾವು ಭಾಗವಹಿಸುವಾಗ ಈ ತಾತ್ಪರ್ಯವನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳಿತು. ಅಲ್ಲಿ ಶುಲ್ಕ ಕಟ್ಟಿ, ಅಂಗಿ ತೊಟ್ಟು, ಐದು ಕಿಲೋಮೀಟರು ನಡೆದು ಮನೆಗೆ ಮರಳುತ್ತೇವೆ. ಹಣ ತಲುಪಬೇಕಾದಲ್ಲಿಗೆ ತಲುಪುತ್ತದೆ. ಅದರಿಂದ ರೋಗಿಗಳಿಗೆ ಉಪಕಾರವೂ ಆಗುತ್ತದೆ. ಆದರೆ ಯಾರಿಗಾಗಿ ನಡೆದೆವೋ ಅವರ ಮುಖವನ್ನು ಕಾಣುವುದಿಲ್ಲ. ವಿನೋಬಾರ ನಡಿಗೆಯಲ್ಲಿ ಕೊಡುವವರೂ ಪಡೆಯುವವರೂ ಒಂದೇ ಸಭೆಯಲ್ಲಿ, ಒಂದೇ ಊರಿನಲ್ಲಿ ಎದುರುಬದುರಾಗುತ್ತಿದ್ದರು. ಮರುದಿನವೂ ಅವರು ಒಂದೇ ಕೆರೆಯ ನೀರಿಗೆ ಬರಬೇಕಾಗಿತ್ತು.

ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಊರಿಗೆ ಕರೆದೊಯ್ಯುವ ಕುಟುಂಬಗಳು ಒಂದು ಬೆಳಿಗ್ಗೆಯನ್ನು ಇದಕ್ಕಾಗಿ ಮೀಸಲಿಡಬಹುದು. ಕಾರನ್ನು ಮನೆಯ ಮುಂದೆಯೇ ಬಿಟ್ಟು, ನಮ್ಮ ಜಮೀನಿನ ನಾಲ್ಕು ಮೂಲೆಯ ಗಡಿಕಲ್ಲುಗಳವರೆಗೆ ಮಕ್ಕಳೊಡನೆ ನಡೆಯಬೇಕು. ಯಾರು ಅದನ್ನು ಉಳುತ್ತಿದ್ದಾರೆ, ಅವರ ಮನೆಯಲ್ಲಿ ಎಷ್ಟು ಮಂದಿ, ಅವರ ಮಕ್ಕಳು ಯಾವ ತರಗತಿಯಲ್ಲಿ ಓದುತ್ತಿದ್ದಾರೆ ಎಂದು ಕೇಳಿ ತಿಳಿಯಬೇಕು. ನಮ್ಮ ಮನೆಯ ಪಾಲಿನ ಲೆಕ್ಕದಲ್ಲಿ ಅವರಿಗೆ ಸಲ್ಲಬೇಕಾದದ್ದು ಏನಾದರೂ ಉಂಟೇ ಎಂಬುದನ್ನು ಅನಂತರ ಮನೆಯವರೆಲ್ಲ ಕುಳಿತು ಯೋಚಿಸಿದರೆ, ನಾಡಿನ ಹಳ್ಳಿಗಳನ್ನೆಲ್ಲ ಸುತ್ತಿದ ಆ ಹಿರಿಯರ ನಡಿಗೆಗೆ ನಮ್ಮ ಗೌರವ ಸಲ್ಲಿಸಿದಂತಾಗುತ್ತದೆ.